ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಒಂದು ಬಳೆ

ಹಸು ಕಟ್ಟಿದ ಮನೆಯ ಹೆಂಗಸು ಒಂದು ದಿನ ಊರು ಬಿಟ್ಟು ಹೊರಡಬೇಕೆಂದರೆ ಮೊದಲು ಏಳುವ ಪ್ರಶ್ನೆ ಒಂದೇ: ಸಂಜೆ ಹಾಲು ಕರೆಯುವವರು ಯಾರು? ಮದುವೆಗೆ ಹೋದರೂ ಊಟದ ಎಲೆ ಮಡಚಿದ ಕೂಡಲೇ ಗಡಿಯಾರ ನೋಡುವವರು ನಾವು. ತವರಿಗೆ ಹೋದರೂ ರಾತ್ರಿ ಉಳಿಯದೆ ಹಿಂದಿರುಗುವವರು ನಾವು. ಶಿಕಾರಿಪುರದಲ್ಲಿ ಒಂದು ದಿನದ ಆಭರಣ ತಯಾರಿಕೆ ತರಬೇತಿ ಇದೆ ಎಂಬ ಸುದ್ದಿ ಸೊರಬ ಕಡೆಯ ನಮ್ಮ ಊರಿಗೆ ಬಂದಾಗ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಕೈ ಎತ್ತಿದವರು ಹನ್ನೊಂದು ಮಂದಿ. ಹೊರಟು ನಿಂತವರು ನಾಲ್ವರು. ಉಳಿದ ಏಳು ಮಂದಿಗೆ ಮನಸ್ಸಿಲ್ಲದೆ ಇರಲಿಲ್ಲ. ಕೊಟ್ಟಿಗೆಯಲ್ಲಿ ಬದಲಿ ಕೈ ಇರಲಿಲ್ಲ.

ಆದ್ದರಿಂದ ಬಳೆಯ ವಿಷಯಕ್ಕೆ ಮೊದಲು ಹಸುವಿನ ವಿಷಯ.

ಹೊರಡುವ ಮುನ್ನ ಕೊಟ್ಟಿಗೆಯ ಏರ್ಪಾಡು

ನಾವು ನಾಲ್ವರೂ ವಾರಕ್ಕೆ ಮೊದಲೇ ಸಿದ್ಧತೆ ಶುರು ಮಾಡಿದ್ದೆವು. ಹಸು ಕೈ ಗುರುತು ಇಟ್ಟುಕೊಳ್ಳುವ ಪ್ರಾಣಿ. ಹೊಸಬರು ಬಂದು ಕೆಚ್ಚಲಿಗೆ ಕೈ ಹಾಕಿದರೆ ಬೆದರಿ ಹಾಲು ಇಳಿಸುವುದಿಲ್ಲ. ಎಮ್ಮೆಯಂತೂ ಇನ್ನೂ ಹಟ. ಹಾಲು ಕೆಚ್ಚಲಲ್ಲೇ ಉಳಿದರೆ ಆ ಹೊತ್ತಿನ ನಷ್ಟ ಒಂದು, ಕೆಚ್ಚಲು ಬಾವಿನ ಭಯ ಇನ್ನೊಂದು. ಹಾಗಾಗಿ ನಮ್ಮಲ್ಲಿ ಇಬ್ಬರು ತಮ್ಮ ಸೊಸೆ, ಮಗಳನ್ನು ನಾಲ್ಕೈದು ದಿನ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು, ಅರ್ಧ ತಾವು ಕರೆದು ಅರ್ಧ ಅವರ ಕೈಯಲ್ಲಿ ಕರೆಸಿದರು. ಬಸ್ಸು ತಡವಾದರೂ ತೊಂದರೆ ಇಲ್ಲ ಎನ್ನುವಷ್ಟು ಧೈರ್ಯ ಬಂತು. ಮೂರನೆಯವರ ಮನೆಯ ಹಸು ಗಬ್ಬದ್ದು, ಹಾಲು ಬತ್ತಿಸಿದ್ದರು. ಅವರು ಮಾತ್ರ ನಿಶ್ಚಿಂತೆ. ನಾನು ನೆರೆಮನೆಯ ಅಕ್ಕನ ಜೊತೆ ಒಪ್ಪಂದ ಮಾಡಿಕೊಂಡೆ: ಇವತ್ತು ನಮ್ಮ ಕೊಟ್ಟಿಗೆ ನೀವು ನೋಡಿ, ನೀವು ತವರಿಗೆ ಹೋಗುವ ದಿನ ನಿಮ್ಮ ಕೊಟ್ಟಿಗೆ ನನ್ನದು. ಗದ್ದೆ ನೆಟ್ಟಿ ಕಾಲದ ಮುಯ್ಯಾಳಿನ ಪದ್ಧತಿ ಕೊಟ್ಟಿಗೆಗೂ ಆಗುತ್ತದೆ.

ಬೆಳಗ್ಗೆ ಎಂದಿಗಿಂತ ಅರ್ಧ ಗಂಟೆ ಬೇಗ ಕರೆದು, ಡೇರಿಗೆ ಹಾಲು ಹಾಕಿ, ಫ್ಯಾಟ್ ಚೀಟಿ ತೆಗೆದುಕೊಂಡು, ಮಧ್ಯಾಹ್ನದ ಹುಲ್ಲು, ಪಶು ಆಹಾರ ಅಳೆದಿಟ್ಟು ಹೊರಟೆವು. ಆಧಾರ್ ಕಾರ್ಡು ಚೀಲದಲ್ಲಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ಆದರೆ ನಮ್ಮ ಜಿಲ್ಲೆಯ ದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ ಹೆಚ್ಚು, ಅವಕ್ಕೆ ಈ ಸೌಲಭ್ಯ ಇಲ್ಲ. ದುಡ್ಡು ಉಳಿಸಲು ಸರ್ಕಾರಿ ಬಸ್ಸಿಗೆ ಕಾಯಬೇಕು, ಹೊತ್ತು ಉಳಿಸಲು ಖಾಸಗಿ ಬಸ್ಸು ಹತ್ತಬೇಕು. ಹಾಲು ಕರೆಯುವವರಿಗೆ ಎರಡೂ ಬೇಕು. ನಾವು ಹೋಗುವಾಗ ಸಿಕ್ಕ ಮೊದಲ ಬಸ್ಸು ಹತ್ತಿದೆವು, ಕೈಯಿಂದಲೇ ಕೊಟ್ಟೆವು. ಆ ಹಣವನ್ನು ಬರೆದಿಟ್ಟುಕೊಂಡೆವು. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ದಾರಿಯುದ್ದಕ್ಕೂ ಆಭರಣ

ಸೊರಬದಿಂದ ಶಿರಾಳಕೊಪ್ಪ, ಶಿರಾಳಕೊಪ್ಪದಿಂದ ಶಿಕಾರಿಪುರ. ದಿನಸಿಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಎಷ್ಟೋ ಸಲ ಓಡಾಡಿದ ದಾರಿ. ಸುಗ್ಗಿ ಮುಗಿದ ಕಾಲ, ಗದ್ದೆ ಬೋಳಾಗಿ ಬಣವೆಗಳು ಎದ್ದಿದ್ದವು. ಆಭರಣ ಕಲಿಯಲು ಹೊರಟಿದ್ದರಿಂದಲೋ ಏನೋ, ಈ ಸಲ ದಾರಿಯಲ್ಲಿ ಕಂಡದ್ದೆಲ್ಲ ಅದೇ ವಿಷಯವಾಯಿತು.

ಸೊರಬ ಎಂಬ ಹೆಸರು ಸುರಭಿಯಿಂದ ಬಂತು ಎನ್ನುತ್ತಾರೆ. ಸುರಭಿ ಎಂದರೆ ಕಾಮಧೇನು. ಹಾಲಿನ ಹೆಸರಿನ ಈ ಊರಿನಲ್ಲೇ ಗುಡಿಗಾರರ ಮನೆಗಳಿವೆ. ಸೊರಬ, ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರುವಾಸಿ. ಮದುವೆಗೆ ವಧೂವರರ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗ ಮಾಡುವವರೂ ಅವರೇ. ನೀರಿನಲ್ಲಿ ಬೆಳೆಯುವ ಹಗುರ ಗಿಡದ ತಿರುಳನ್ನು ತೆಳ್ಳಗೆ ಸೀಳಿ ಹೂವು, ಎಸಳು ಮಾಡುತ್ತಾರೆ. ಚಿನ್ನ ಇಲ್ಲದೆಯೂ ಮದುವಣಗಿತ್ತಿಯ ಮುಖಕ್ಕೆ ಕಳೆ ಕೊಡುವ ಕೆಲಸ ಅದು. ಇನ್ನು ನಮ್ಮ ದೀವರ ಮನೆಗಳ ಹೆಂಗಸರು ಭತ್ತದ ತೆನೆ ಹೆಣೆದು ಬಾಗಿಲಿಗೆ ಕಟ್ಟುವ ತೋರಣ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವ ಚಿತ್ತಾರ ನೋಡಿದವರಿಗೆ ಗೊತ್ತು, ಎಷ್ಟು ಸಣ್ಣ ಎಳೆಯನ್ನು ಅವರ ಬೆರಳು ಹಿಡಿಯುತ್ತದೆ ಎಂದು. ಕೆಮ್ಮಣ್ಣು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಇಷ್ಟರಲ್ಲೇ ಗೋಡೆ ತುಂಬಾ ಅಲಂಕಾರ ಮೂಡುತ್ತದೆ.

ಶಿರಾಳಕೊಪ್ಪ ಬಂದಾಗ ಬಸ್ಸು ಬದಲಿಸಬೇಕಿತ್ತು. ಅಲ್ಲಿಂದ ಬಳ್ಳಿಗಾವೆ ಬಹಳ ದೂರವಿಲ್ಲ. ಅಲ್ಲಮಪ್ರಭುವಿನ ಊರು, ಕೇದಾರೇಶ್ವರ ದೇವಾಲಯದ ಊರು. ಬೇಲೂರಿನ ದೇವಾಲಯಕ್ಕೆ ಪ್ರವಾಸ ಹೋದವರು ಕಂಬದ ಮೇಲೆ ನಿಂತ ಮದನಿಕೆಯರನ್ನು ನೋಡಿರುತ್ತೀರಿ. ಕೊರಳ ಹಾರ, ತೋಳಬಂದಿ, ಡಾಬು, ಕಾಲ್ಗೆಜ್ಜೆ, ಕಲ್ಲಿನಲ್ಲೇ ಒಂದೊಂದು ಮಣಿ ಎಣಿಸಬಹುದು. ಅವುಗಳಲ್ಲಿ ಕೆಲವನ್ನು ಕೆತ್ತಿದ ದಾಸೋಜ ಮತ್ತು ಅವನ ಮಗ ಚಾವಣ ಇದೇ ಬಳ್ಳಿಗಾವೆಯವರು. 12ನೇ ಶತಮಾನದಲ್ಲಿ ಇಲ್ಲಿಂದ ಬೇಲೂರಿಗೆ ಹೋಗಿ ಕೆಲಸ ಮಾಡಿದರು. ತಾವು ಕೆತ್ತಿದ ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಊರನ್ನೂ ಕೆತ್ತಿಟ್ಟರು. ಅದಕ್ಕೇ ಇಂದಿಗೂ ನಮಗೆ ಅವರ ಹೆಸರು ಗೊತ್ತು.

ಇದೇ ಶಿಕಾರಿಪುರ ಸೀಮೆಯ ಉಡುತಡಿ ಅಕ್ಕಮಹಾದೇವಿಯ ಊರು. ಅರಮನೆ, ಒಡವೆ, ವಸ್ತ್ರ ಎಲ್ಲವನ್ನೂ ಬಿಟ್ಟು ನಡೆದವಳು ಅಕ್ಕ. "ಒಡವೆ ಬಿಟ್ಟವಳ ಊರಿನ ಪಕ್ಕದಲ್ಲೇ ಒಡವೆ ಮಾಡಲು ಕಲಿಯೋಕೆ ಹೊರಟಿದ್ದೀವಲ್ಲ" ಎಂದು ನಮ್ಮ ಜೊತೆಯ ಚಿಕ್ಕಮ್ಮ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಬಿಡೋದಾದ್ರೂ ಇಟ್ಕೊಳ್ಳೋದಾದ್ರೂ ಅವಳ ಇಷ್ಟದ ಪ್ರಕಾರ ಆಯ್ತು. ನಮ್ಮ ಬಂಗಾರ ಬ್ಯಾಂಕಿಗೆ ಹೋಗುವಾಗ ನಮ್ಮನ್ನ ಯಾರು ಕೇಳ್ತಾರೆ?" ಬಸ್ಸಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಬೀಜ, ಗೊಬ್ಬರದ ಕಾಲಕ್ಕೆ ಅಡವಿಟ್ಟ ಬಳೆ ಹಾಲಿನ ಬಟವಾಡೆಯಲ್ಲಿ ಬಿಡಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ.

ಬೆರಳು ಕಲಿತದ್ದು

ತರಬೇತಿ ರೇಷ್ಮೆ ದಾರದ ಬಳೆ ಮತ್ತು ಜುಮುಕಿಯದ್ದು. ಸುಡುಮಣ್ಣಿನ ಆಭರಣವೂ ಚೆನ್ನ. ಆದರೆ ಅದನ್ನು ನೆರಳಲ್ಲಿ ದಿನಗಟ್ಟಲೆ ಒಣಗಿಸಬೇಕು, ಸುಡಬೇಕು, ಆಮೇಲೆ ಬಣ್ಣ. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ರೇಷ್ಮೆ ದಾರದ ಬಳೆ ಒಂದು ಕೂತ ಮೆಟ್ಟಿಗೆ ಕೈಗೆ ಬರುತ್ತದೆ.

ಮಾಡುವ ಬಗೆ ಹೀಗೆ. ಸಾದಾ ಪ್ಲಾಸ್ಟಿಕ್ ಬಳೆ ತೆಗೆದುಕೊಳ್ಳಬೇಕು. ಅಗಲ ಬೇಕಾದರೆ ಎರಡು ಮೂರು ಬಳೆ ಸೇರಿಸಿ ಅಂಟಿಸಬೇಕು. ರೇಷ್ಮೆ ದಾರವನ್ನು ಒಂದು ಪುಸ್ತಕಕ್ಕೆ ಇಪ್ಪತ್ತು ಇಪ್ಪತ್ತೈದು ಸುತ್ತು ಸುತ್ತಿ, ಒಂದು ಕಡೆ ಕತ್ತರಿಸಿದರೆ ಎಳೆಗಳ ಕಟ್ಟು ಸಿಗುತ್ತದೆ. ಬಳೆಯ ಒಳಮೈಗೆ ಚೂರು ಅಂಟು ಹಚ್ಚಿ, ಕಟ್ಟಿನ ತುದಿ ಕೂರಿಸಿ, ಎಳೆಗಳು ಒಂದರ ಮೇಲೊಂದು ಹತ್ತದಂತೆ ಸಪಾಟಾಗಿ ಸುತ್ತುತ್ತ ಹೋಗಬೇಕು. ನಡುವೆ ಪ್ಲಾಸ್ಟಿಕ್ ಇಣುಕಬಾರದು. ಕೊನೆಯ ತುದಿ ಮತ್ತೆ ಒಳಮೈಗೇ ಬರಬೇಕು. ಅಂಟು ಪೂರ್ತಿ ಆರಿದ ಮೇಲೆ ಮಾತ್ರ ಕುಂದನ್ ಹರಳು, ಮಣಿ, ಜರಿ. ಹಸಿ ಇರುವಾಗ ಹರಳು ಕೂರಿಸಿದರೆ ಜಾರುತ್ತದೆ, ದಾರದ ಮೇಲೆ ಕಲೆ ನಿಲ್ಲುತ್ತದೆ.

ನಮ್ಮ ಸಾಲಿನಲ್ಲಿ ಶಿಕಾರಿಪುರ ತಾಲ್ಲೂಕಿನ ತಾಂಡಾದಿಂದ ಬಂದ ಒಬ್ಬರು ಕೂತಿದ್ದರು. ಅವರ ಕೈ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಕೇಳಿದರೆ, ಅಜ್ಜಿಯ ಘುಗ್ರಿ, ಟೋಪ್ಲಿ, ಹಾಸಲಿ ಇನ್ನೂ ಪೆಟ್ಟಿಗೆಯಲ್ಲಿದೆ ಎಂದರು. ಕವಡೆ, ಕನ್ನಡಿ, ನಾಣ್ಯ ಹೊಲಿಯುವುದನ್ನು ಚಿಕ್ಕಂದಿನಲ್ಲೇ ಕಲಿತವರು. ಬಳ್ಳಾರಿ ಕಡೆಯ ಸಂಡೂರಿನಲ್ಲಿ ಇದೇ ಲಂಬಾಣಿ ಕಸೂತಿ ಸಂಘಟಿತವಾಗಿ ನಡೆದು, ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದಿದೆ. ಅವರು ಎಲ್ಲರ ಮುಂದೆ ಒಂದು ಪ್ರಶ್ನೆ ಕೇಳಿದರು: "ಮಾಡೋದು ಬರುತ್ತೆ ಅಕ್ಕಾ. ಎಷ್ಟಕ್ಕೆ ಮಾರೋದು ಅಂತ ಹೇಳಿಕೊಡಿ." ಇಡೀ ದಿನದ ತರಬೇತಿಯಲ್ಲಿ ಅತ್ಯಂತ ಮುಖ್ಯವಾದ ಮಾತು ಅದೇ ಆಗಿತ್ತು.

ಡೇರಿ ಕಲಿಸಿದ ಲೆಕ್ಕ

ಹಾಲಿನ ವಿಷಯದಲ್ಲಿ ನಮಗೆ ಯಾರೂ ಮೋಸ ಮಾಡಲಾಗದು. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಚೀಟಿ ಹೇಳುತ್ತದೆ. ಹಿಂಡಿಗೆ ಎಷ್ಟು ಹೋಯಿತು, ಬಟವಾಡೆ ಎಷ್ಟು ಬಂತು, ಪಾಸ್‌ಬುಕ್ ಹೇಳುತ್ತದೆ. ಆ ಪಾಸ್‌ಬುಕ್ಕಿನ ಮೇಲೆ ನಮ್ಮದೇ ಹೆಸರಿದೆ. ಆದರೆ ಕೈಕೆಲಸಕ್ಕೆ ಬಂದಾಗ ನಾವೇ ಲೆಕ್ಕ ಬಿಡುತ್ತೇವೆ. "ಸುಮ್ನೆ ಕೂತಾಗ ಮಾಡಿದ್ದು, ಕೊಟ್ಟಷ್ಟು ಕೊಡಿ" ಎನ್ನುತ್ತೇವೆ. ಸುಮ್ಮನೆ ಕೂತ ಹೊತ್ತು ನಮ್ಮ ದಿನದಲ್ಲಿ ಎಲ್ಲಿದೆ?

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳನ್ನು ಉದಾಹರಣೆಗೆ ಇಟ್ಟುಕೊಳ್ಳಿ, ನಿಮ್ಮ ಪೇಟೆಯ ದರ ಹಾಕಿ ಬದಲಿಸಿ. ಒಂದು ಜೊತೆ ಬಳೆಗೆ ದಾರ, ಬಳೆ, ಹರಳು ಸೇರಿ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಟು, ಹಾಳಾದದ್ದು, ಸಾಮಾನು ತರಲು ಹೋದ ಬಸ್ಸಿನ ಖರ್ಚಿನ ಪಾಲು 10 ರೂಪಾಯಿ. ಹೊತ್ತು ಒಂದೂವರೆ ಗಂಟೆ. ಈ ಹೊತ್ತಿಗೆ ಬೆಲೆ ಕಟ್ಟುವುದು ಹೇಗೆ? ನರೇಗಾ ಕೂಲಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. 2025-26ನೇ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಒಂದೇ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46. ಒಂದೂವರೆ ಗಂಟೆಗೆ 69. ಒಟ್ಟು 139 ರೂಪಾಯಿ. ಅಂದರೆ 140ಕ್ಕೆ ಮಾರಿದರೆ ನಿಮ್ಮ ಕೂಲಿ ನಿಮಗೆ ಬಂತು, ಲಾಭ ಇನ್ನೂ ಬಂದಿಲ್ಲ. ಯಾರೋ ಗೆಳತಿ "ನೂರಕ್ಕೆ ಕೊಡೇ" ಎಂದಾಗ ಕೊಟ್ಟರೆ, ಒಂದೂವರೆ ಗಂಟೆಯ ದುಡಿಮೆಗೆ ಉಳಿದದ್ದು 30 ರೂಪಾಯಿ. ಗಂಟೆಗೆ 20. ಇಷ್ಟು ಕಡಿಮೆ ಕೂಲಿಗೆ ನಮ್ಮ ಗದ್ದೆಗೆ ಯಾರಾದರೂ ಬರುತ್ತಾರೆಯೇ?

ಕೈ ಪಳಗಿದ ಮೇಲೆ ಅದೇ ಬಳೆಗೆ ಮುಕ್ಕಾಲು ಗಂಟೆ ಸಾಕಾಗಬಹುದು. ಆಗ ಕೂಲಿಯ ಪಾಲು ಅರ್ಧಕ್ಕೆ ಇಳಿದು, ಅದೇ ಬೆಲೆಯಲ್ಲಿ ಲಾಭ ಕಾಣುತ್ತದೆ. ಆದ್ದರಿಂದ ಮೊದಲ ತಿಂಗಳು ಮಾರುವುದಕ್ಕಿಂತ ಗಡಿಯಾರ ನೋಡಿಕೊಂಡು ಕೈ ಪಳಗಿಸುವುದು ಲೇಸು. ಹಾಲಿನ ಪುಸ್ತಕದ ಹಿಂದಿನ ಪುಟದಲ್ಲೇ ಬಳೆಯ ಲೆಕ್ಕ ಬರೆಯಿರಿ: ತಾರೀಖು, ಸಾಮಾನು, ಹೊತ್ತು, ಮಾರಿದ ಬೆಲೆ. ಹೋಗುವಾಗ ನಾವು ಬಸ್ಸಿನ ಹಣ ಬರೆದಿಟ್ಟದ್ದು ಇದಕ್ಕೇ.

ಬೇಡಿಕೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಗೌರಿ ಹಬ್ಬ, ಮದುವೆಯ ತಿಂಗಳು, ಊರ ತೇರು, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಜಾತ್ರೆ, ಇವುಗಳಿಗೆ ಎರಡು ತಿಂಗಳು ಮೊದಲೇ ಮಾಡಿಡಬೇಕು. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ತೇವ ರೇಷ್ಮೆ ದಾರಕ್ಕೆ ಆಗದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಕೊಳ್ಳುವವರಿಗೂ ನೀರು ಸೋಕಿಸಬೇಡಿ ಎಂದು ಹೇಳಿಯೇ ಕೊಡಿ.

ಕೊಟ್ಟಿಗೆಗೂ ಆಭರಣಕ್ಕೂ ಗೋಡೆ ಇರಲಿ

ಹಸು ಇರುವ ಮನೆಯಲ್ಲಿ ಈ ಕೆಲಸ ಮಾಡುವವರು ಒಂದು ವಿಷಯ ಮರೆಯಲೇಬಾರದು. ಜುಮುಕಿಗೆ ಬಳಸುವ ತಂತಿ, ಪಿನ್ನು, ಕೊಕ್ಕೆ, ಕತ್ತರಿಸಿದ ಚೂರು ಮೇವಿನಲ್ಲಿ ಸೇರಿದರೆ ಹಸುವಿನ ಜೀವಕ್ಕೆ ಕುತ್ತು. ಎಮ್ಮೆ, ಹಸು ಹುಲ್ಲನ್ನು ಆರಿಸಿ ತಿನ್ನುವುದಿಲ್ಲ, ನಾಲಿಗೆಯಲ್ಲಿ ಸುತ್ತಿ ನುಂಗುತ್ತವೆ. ಚೂಪಾದ ಲೋಹ ಎರಡನೆಯ ಹೊಟ್ಟೆಯಲ್ಲಿ ನಿಂತು ಅದರ ಗೋಡೆ ಚುಚ್ಚುತ್ತದೆ. ಹೃದಯ ಅದರ ಹತ್ತಿರವೇ ಇರುವುದರಿಂದ ಚುಚ್ಚು ಅಲ್ಲಿಗೂ ತಲುಪಬಹುದು. ಮೇವು ಬಿಡುವುದು, ಹಾಲು ದಿಢೀರ್ ಇಳಿಯುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ನಡೆಯುವಾಗ ನರಳುವುದು ಕಂಡರೆ ತಡ ಮಾಡದೆ ಪಶುವೈದ್ಯರನ್ನು ಕರೆಸಿ.

ಅದಕ್ಕಾಗಿ ಈ ಕೆಲಸ ಒಳಮನೆಯಲ್ಲೇ, ಒಂದು ತಟ್ಟೆಯ ಮೇಲೆಯೇ ನಡೆಯಲಿ. ಕೆಳಗೆ ಬಿಳಿ ಬಟ್ಟೆ ಹಾಸಿದರೆ ಬಿದ್ದ ಚೂರು ಕಾಣುತ್ತದೆ. ಪಕ್ಕದಲ್ಲಿ ಒಂದು ಅಯಸ್ಕಾಂತ ಇದ್ದರೆ ಕಬ್ಬಿಣದ ಚೂರು ಆರಿಸಿ ತೆಗೆಯಬಹುದು. ಹಿತ್ತಾಳೆ, ತಾಮ್ರದ ತಂತಿ ಅದಕ್ಕೆ ಅಂಟುವುದಿಲ್ಲ, ಅದನ್ನು ಕಣ್ಣಿಟ್ಟೇ ಆರಿಸಬೇಕು. ಕಸ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಬೇಡಿ. ಡಬ್ಬಿಯಲ್ಲಿ ತುಂಬಿ ಗುಜರಿಗೆ ಕೊಡಿ.

ಇನ್ನೊಂದು ಮಾತು ಕೈಯದ್ದು. ಅಂಟು, ಬಣ್ಣ ಮುಟ್ಟಿದ ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದು, ಒರೆಸಿಕೊಂಡೇ ಕೆಚ್ಚಲು ಮುಟ್ಟಬೇಕು. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಹರಳಿನ ಬಳೆ, ಉಂಗುರ ತೊಟ್ಟು ಹಾಲು ಕರೆದರೆ ಮೊಲೆತೊಟ್ಟಿಗೆ ಗೀರು ಬೀಳುತ್ತದೆ, ಗೀರಿನಿಂದಲೇ ಸೋಂಕು ಒಳಹೋಗುತ್ತದೆ. ಕರೆಯುವ ಹೊತ್ತಿಗೆ ಉಂಗುರ ತೆಗೆದಿಡಿ. ಬಳೆ ತೆಗೆಯಲು ಮನಸ್ಸಾಗದವರು ಮೊಣಕೈ ಕಡೆಗೆ ಏರಿಸಿ ಬಟ್ಟೆ ಸುತ್ತಿಕೊಳ್ಳಿ.

ಹೆಚ್ಚು ಕಲಿಯಬೇಕೆನ್ನುವವರಿಗೆ

ಒಂದು ದಿನದಲ್ಲಿ ಸಿಗುವುದು ರುಚಿ ಮಾತ್ರ. ಪೂರ್ತಿ ಕಲಿಯಲು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆಯೇ ಇವುಗಳಿಗೆಲ್ಲ ಮಾದರಿ. ಇವನ್ನು ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುತ್ತವೆ. ತರಬೇತಿ ಉಚಿತ, ಊಟ ವಸತಿಯೂ ಉಚಿತ. ಕೃತಕ ಆಭರಣ ತಯಾರಿಕೆ ಇವುಗಳ ಪಟ್ಟಿಯಲ್ಲಿದೆ, ಅವಧಿ 13 ದಿನ. ಯಾವಾಗ ನಡೆಯುತ್ತದೆ ಎಂದು ನಿಮ್ಮ ಬ್ಯಾಂಕಿನಲ್ಲಿ ಅಥವಾ ಗ್ರಾಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲಿ ವಿಚಾರಿಸಿ.

ಹದಿಮೂರು ದಿನ ಹಸು ಬಿಟ್ಟು ಹೋಗುವುದು ಹೇಗೆ? ಒಂದೇ ಹಸು ಇರುವವರಿಗೆ ದಾರಿಯಿದೆ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸುತ್ತೇವಲ್ಲ, ಆ ಅವಧಿಯ ಮೊದಲ ತಿಂಗಳಿಗೆ ತರಬೇತಿ ಹೊಂದಿಸಿಕೊಳ್ಳಿ. ಮೇವು ನೀರು ನೋಡುವವರು ಒಬ್ಬರಿದ್ದರೆ ಸಾಕು. ಕರು ಹಾಕುವ ಕೊನೆಯ ವಾರಗಳಲ್ಲಿ ಮಾತ್ರ ಮನೆಯಲ್ಲೇ ಇರಿ. ಎರಡು ಮೂರು ಹಸು ಇರುವವರು ಮುಯ್ಯಾಳಿನ ಏರ್ಪಾಡು ಮಾಡಿಕೊಳ್ಳಬೇಕು.

ತರಬೇತಿ ನಡೆಸುವವರಿಗೂ ನಮ್ಮದೊಂದು ಕೋರಿಕೆ. ಹಳ್ಳಿ ಹೆಂಗಸರಿಗೆ ಎಂದು ನಡೆಸುವ ಯಾವ ಕಾರ್ಯಾಗಾರವೂ ಬೆಳಗ್ಗೆ ಹತ್ತೂವರೆಗೆ ಮೊದಲು ಶುರುವಾಗದಿರಲಿ, ಮಧ್ಯಾಹ್ನ ಮೂರೂವರೆ ದಾಟದಿರಲಿ. ಉದ್ಘಾಟನೆಯ ಭಾಷಣ ಒಂದು ಗಂಟೆ ನಡೆದರೆ ಆ ಒಂದು ಗಂಟೆ ನಮ್ಮ ಕೆಚ್ಚಲಿನ ಹಾಲಿನಿಂದ ಕಳೆಯುತ್ತದೆ. ನಾವು ಹೋದ ತರಬೇತಿ ಮೂರೂ ಮುಕ್ಕಾಲಿಗೆ ಮುಗಿದದ್ದರಿಂದ ಬಸ್ಸು ಸಿಕ್ಕಿತು, ಆರೂ ಕಾಲಕ್ಕೆ ಕೊಟ್ಟಿಗೆ ಸೇರಿದೆವು.

ಮುಂದಿನ ಹೆಜ್ಜೆ ಸಂಘದ್ದು. ಕೈ ಎತ್ತಿ ಬರಲಾಗದ ಏಳು ಮಂದಿಗೆ ನಾವು ನಾಲ್ವರು ಡೇರಿಯ ಜಗಲಿಯಲ್ಲೇ ಕಲಿಸುತ್ತಿದ್ದೇವೆ. ವಾರಕ್ಕೆ ಎರಡು ಮಧ್ಯಾಹ್ನ, ಒಂದೂವರೆ ಗಂಟೆ. ದಾರ, ಹರಳು ಒಟ್ಟಿಗೆ ತಂದರೆ ಬೆಲೆ ಇಳಿಯುತ್ತದೆ, ಒಬ್ಬರ ಬಸ್ಸಿನ ಖರ್ಚು ಹನ್ನೊಂದು ಮಂದಿಗೆ ಹಂಚಿ ಹೋಗುತ್ತದೆ. ಮಾರುವ ಬೆಲೆಯನ್ನೂ ಎಲ್ಲರೂ ಸೇರಿ ಗೊತ್ತು ಮಾಡಿದ್ದೇವೆ. ಅದಕ್ಕಿಂತ ಕಡಿಮೆಗೆ ಯಾರೂ ಕೊಡುವಂತಿಲ್ಲ. ಪ್ರತಿ ಜೊತೆಯ ಪೊಟ್ಟಣದ ಮೇಲೆ ಮಾಡಿದವಳ ಹೆಸರು, ಊರು ಬರೆಯುತ್ತೇವೆ. ಬಳ್ಳಿಗಾವೆಯ ದಾಸೋಜ ಕಲ್ಲಿನಲ್ಲಿ ಮಾಡಿದ್ದನ್ನು ನಾವು ಕಾಗದದ ಚೀಟಿಯಲ್ಲಿ ಮಾಡುತ್ತಿದ್ದೇವೆ, ಅಷ್ಟೇ. ನಿಮ್ಮ ಸಂಘದಲ್ಲೂ ಒಂದು ಮಧ್ಯಾಹ್ನ ಕೂತು ನೋಡಿ. ಹಾಲಿನ ಪುಸ್ತಕ, ಪೆನ್ನು ಜೊತೆಗಿರಲಿ.